ನಾಲಿಗೆಯಡಿಯ ಕಾಲು ಗಂಟೆ

ಕಳಸಕ್ಕೆ ಹೋಗುವ ಬೆಳಗಿನ ಬಸ್ಸು ಮೂಡಿಗೆರೆಯಲ್ಲಿ ನಮ್ಮ ಚಿಕಿತ್ಸಾ ಕೇಂದ್ರದ ಎದುರಿಗೇ ನಿಲ್ಲುತ್ತಿತ್ತು. ಊರಿಗೆಲ್ಲ ಅದೊಂದು ಬಸ್ಸು. ನನಗೆ ಮಾತ್ರ ಅದು ದಿನಾ ಬೆಳಿಗ್ಗೆ ನನ್ನ ಹೊಟ್ಟೆ ಉರಿಸಲೆಂದೇ ಯಾರೋ ಬಿಟ್ಟ ಗಾಡಿಯ ಹಾಗೆ ಕಾಣುತ್ತಿತ್ತು. ಯಾಕೆಂದರೆ ನನ್ನ ರೋಗಿಗಳು ಒಬ್ಬೊಬ್ಬರಾಗಿ ನನ್ನನ್ನು ಬಿಟ್ಟು, ಅದೇ ಬಸ್ಸು ಹತ್ತಿ, ಕಳಸದ ಕೇಂದ್ರದಲ್ಲಿ ಕೂತಿದ್ದ ನನ್ನ ಸಹಪಾಠಿಯ ಹತ್ತಿರ ಹೋಗುತ್ತಿದ್ದರು.

ಕೆಲಸ ಏನೆಂದು ಮೊದಲು ಹೇಳಿಬಿಡುತ್ತೇನೆ. ಕಾಫಿ ತೋಟದಲ್ಲಿ ಸೊಂಟ ನೋವಿಲ್ಲದವರು ಯಾರೂ ಇಲ್ಲ. ಇದ್ದರೆ ಅವರು ತೋಟಕ್ಕೆ ಇಳಿಯದವರು. ಇಳಿಜಾರಿನಲ್ಲಿ ನಿಂತು ಹಣ್ಣು ಕುಯ್ಯುವವರು, ಮೂಟೆ ಹೊರುವವರು, ಏಣಿ ಹಾಕಿ ಮೆಣಸು ಕೀಳುವವರು, ಮರಗಸಿ ಮಾಡುವವರು, ಅಂದರೆ ನೆರಳಿನ ಮರ ಹತ್ತಿ ಕೊಂಬೆ ಕಡಿದು ಕಾಫಿ ಗಿಡಕ್ಕೆ ಬೆಳಕು ಬಿಡುವವರು, ಎಲ್ಲರೂ ಯಾವುದೋ ಒಂದು ಮಾತ್ರೆ ನುಂಗಿಯೇ ಕೆಲಸಕ್ಕೆ ಇಳಿಯುತ್ತಾರೆ. ಅವುಗಳಲ್ಲಿ ಟ್ರಮಡಾಲ್ ಎಂಬುದು ಅಫೀಮಿನ ಬಳಗದ್ದು. ಮೊದಲು ನೋವಿಗೆಂದು ನುಂಗುತ್ತಾರೆ. ಆಮೇಲೆ ಕೆಲಸಕ್ಕೆಂದು. ಕೊನೆಗೆ ಹಾಸಿಗೆಯಿಂದ ಏಳಲಿಕ್ಕೆಂದು. ಒಂದು ಹೊತ್ತು ತಪ್ಪಿದರೆ ಆಕಳಿಕೆ, ಕಣ್ಣು ಮೂಗಿನಲ್ಲಿ ನೀರು, ಮೈಯೆಲ್ಲ ಚಳಿಗುಳ್ಳೆ, ಭೇದಿ. ಹಳೆಯ ಸೊಂಟ ನೋವೂ ದುಪ್ಪಟ್ಟಾಗಿ ವಾಪಸ್ಸು ಬರುತ್ತದೆ.

ಇದಕ್ಕೆ ನಾವು ಕೊಡುವುದು ಬುಪ್ರೆನಾರ್ಫಿನ್. ಅದೂ ಅದೇ ಬಳಗದ್ದೇ, ಆದರೆ ಸಂಭಾವಿತ ಸ್ವಭಾವದ್ದು. ಹಂಬಲವನ್ನು ತಡೆಯುತ್ತದೆ, ನೋವನ್ನೂ ತಕ್ಕಮಟ್ಟಿಗೆ ತಗ್ಗಿಸುತ್ತದೆ, ತಲೆಗೆ ಏರುವುದು ಕಡಿಮೆ. ಅದನ್ನು ನುಂಗಿದರೆ ಹೆಚ್ಚಿನ ಪ್ರಯೋಜನವಿಲ್ಲ. ನಾಲಿಗೆಯ ಅಡಿಯಲ್ಲಿಟ್ಟು ಕರಗಿಸಬೇಕು, ಅಲ್ಲಿನ ತೆಳು ಚರ್ಮದಿಂದಲೇ ರಕ್ತಕ್ಕೆ ಇಳಿಯಬೇಕು. ಯಾರೂ ಜೇಬಿಗೆ ಹಾಕಿಕೊಂಡು ಹೋಗಬಾರದೆಂದು ನರ್ಸಮ್ಮ ಮಾತ್ರೆಯನ್ನು ಪುಡಿ ಮಾಡಿ ತಾನೇ ನಾಲಿಗೆಯ ಕೆಳಗೆ ಹಾಕುತ್ತಾರೆ. ಪುಡಿ ಕರಗಿ ಕಾಣದಂತಾದ ಮೇಲೆ, ನಾಲಿಗೆ ಎತ್ತಿಸಿ ನೋಡಿ, ಕಳಿಸುತ್ತಾರೆ. ಮಾರನೆಯ ದಿನ ಮತ್ತೆ ಬರಬೇಕು. ನಮ್ಮ ಅಧ್ಯಯನ ಇಷ್ಟೇ: ನೋವೂ ಚಟವೂ ಒಟ್ಟಿಗೆ ಇರುವ ತೋಟದ ಜನ ಈ ಚಿಕಿತ್ಸೆಯಲ್ಲಿ ನಿಲ್ಲುತ್ತಾರೋ ಇಲ್ಲವೋ. ಎರಡು ಕೇಂದ್ರ, ಒಂದೇ ಮದ್ದು, ಒಂದೇ ನಿಯಮ. ಮೂಡಿಗೆರೆ ನನ್ನದು, ಕಳಸ ಅವನದು.

ಅವನ ಜನ ನಿಂತರು. ನನ್ನ ಜನ ನಿಲ್ಲಲಿಲ್ಲ.

ನನಗೆ ಅವನ ಮೇಲೆ ಹೊಟ್ಟೆಕಿಚ್ಚು ಹೊಸದಲ್ಲ. ಓದುವಾಗ ನಾನು ಪುಸ್ತಕ ಅರೆದು ಕುಡಿದು ತೆಗೆಯುತ್ತಿದ್ದ ಅಂಕಗಳನ್ನು ಅವನು ಮೌಖಿಕ ಪರೀಕ್ಷೆಯಲ್ಲಿ ಪರೀಕ್ಷಕರನ್ನು ನಗಿಸಿ ತೆಗೆಯುತ್ತಿದ್ದ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಮಾತು ಬಲ್ಲವನ ಪಕ್ಕದ ಬೆಂಚಿನಲ್ಲಿ ಕೂತವಳಿಗೆ ಎಷ್ಟು ಸಂಕಟ ಎಂದು ಯಾವ ಗಾದೆಯೂ ಹೇಳುವುದಿಲ್ಲ. ಈ ಅಧ್ಯಯನದಲ್ಲೂ ಅವನು ಮೊದಲ ತಿಂಗಳಲ್ಲೇ ನನ್ನನ್ನು ಹಿಂದೆ ಹಾಕಿದ್ದ. ನೋವು ಎಷ್ಟಿದೆ ಎಂದು ಸೊನ್ನೆಯಿಂದ ಹತ್ತರೊಳಗೆ ಹೇಳಿ ಎಂದು ನಾವು ಕೇಳಬೇಕಿತ್ತು. ನನ್ನ ರೋಗಿಗಳು 'ನೀವೇ ಒಂದು ಹಾಕ್ಕೊಳ್ಳಿ' ಅನ್ನುತ್ತಿದ್ದರು. ಅವನು ಸಂಖ್ಯೆ ಬಿಟ್ಟು ಕೆಲಸಗಳನ್ನು ಮೆಟ್ಟಿಲು ಮಾಡಿದ. ಇವತ್ತಿನ ಸೊಂಟದಲ್ಲಿ ಮನೆಯೊಳಗೆ ಓಡಾಡಬಹುದಾ, ಕಾಫಿ ಗಿಡದ ಚಿಗುರು ತೆಗೆಯಬಹುದಾ, ಹಣ್ಣು ಕುಯ್ಯಬಹುದಾ, ಗುಂಡಿ ತೋಡಬಹುದಾ, ಮರ ಹತ್ತಬಹುದಾ? ಜನ ಥಟ್ಟನೆ ಉತ್ತರ ಕೊಟ್ಟರು. ಚಿಕ್ಕಮಗಳೂರಿನಲ್ಲಿದ್ದ ನಮ್ಮ ಮುಖ್ಯಸ್ಥರು ಅದನ್ನೇ ಎರಡೂ ಕಡೆ ಬಳಸಿ ಎಂದರು. ದಿನಾ ನನ್ನ ಬಾಯಿಂದಲೇ ಅವನ ಪ್ರಶ್ನೆ ಕೇಳಬೇಕಾಯಿತು. ಅದು ಒಳ್ಳೆಯ ಪ್ರಶ್ನೆ ಎಂಬುದೇ ನನಗೆ ಹೆಚ್ಚು ಉರಿಯುತ್ತಿತ್ತು. ಕೆಟ್ಟದ್ದಾಗಿದ್ದರೆ ಹೇಗೋ ಸಹಿಸಬಹುದಿತ್ತು.

ಆ ಬೇಸಗೆಯಲ್ಲಿ ನನಗೆ ಮುಖ್ಯನಾದ ರೋಗಿ ಒಬ್ಬ ಮರಗಸಿಯವನು. ಮನೆ ಕೊಟ್ಟಿಗೆಹಾರದ ಆಚೆ. ಮೇಸ್ತ್ರಿಯ ತಂಡದ ಜೊತೆ ತೋಟದಿಂದ ತೋಟಕ್ಕೆ ಹೋಗಿ ಸಿಲ್ವರ್ ಓಕ್ ಹತ್ತುವವನು. ಹಿಂದೊಮ್ಮೆ ಕೊಂಬೆ ಜಾರಿ ಬಿದ್ದು ಸೊಂಟದ ನರ ಒತ್ತಿಕೊಂಡಿತ್ತು. ಅಲ್ಲಿಂದ ಟ್ರಮಡಾಲ್ ಹಿಡಿದಿತ್ತು. ಮೊದಲ ದಿನ ಅವನ ಹೆಂಡತಿಯೂ ಜೊತೆಗೆ ಬಂದಿದ್ದಳು. ಅವನನ್ನು ಹೊರಗೆ ಕೂರಿಸಿ ಅವಳೊಬ್ಬಳೇ ಒಳಗೆ ಬಂದು ಹೇಳಿದ್ದು ನೆನಪಿದೆ.

"ಮಾತ್ರೆ ನುಂಗ್ದೆ ಹತ್ತಿದ್ರೆ ಕೈ ನಡುಗ್ತದೆ ಅಮ್ಮ. ನುಂಗಿ ಹತ್ತಿದ್ರೆ ಮೇಲೆ ತೂಕಡಿಸ್ತಾರಂತೆ. ಮೇಸ್ತ್ರಿನೇ ನಂಗೆ ಹೇಳಿದ್ದು. ಯಾವ್ದಾದ್ರೂ ಒಂದು ದಾರಿ ಮಾಡಿ. ಬಿದ್ದೋರನ್ನ ಒಂದ್ಸಲ ಎತ್ಕೊಂಡು ಬಂದದ್ದಾಗಿದೆ. ಇನ್ನೊಂದ್ಸಲ ಆಗೂದಿಲ್ಲ."

"ಮರಗಸಿ ಯಾವಾಗ ಶುರು?" ಎಂದು ಕೇಳಿದೆ.

"ಮೆಣಸು ಮುಗೀಲಿ, ಒಂದು ಮಳೆ ಬೀಳ್ಲಿ. ಆಮೇಲೆ ಶುರುವೇ."

ಅಂದರೆ ನನಗಿದ್ದ ಅವಧಿ ಅಷ್ಟೇ. ಅಷ್ಟರೊಳಗೆ ಅವನ ಕೈ ನಡುಗಬಾರದು, ಕಣ್ಣು ಮುಚ್ಚಬಾರದು.

ಶುರುವಿನಲ್ಲಿ ಎಲ್ಲ ಸರಿಯಾಗಿಯೇ ಮಾಡಿದೆ. ಟ್ರಮಡಾಲ್ ಮೈಯಲ್ಲಿರುವಾಗಲೇ ಬುಪ್ರೆನಾರ್ಫಿನ್ ಕೊಟ್ಟರೆ ಆ ಆಕಳಿಕೆ, ಚಳಿ, ಭೇದಿಯೆಲ್ಲ ಒಮ್ಮೆಗೇ ಕೆರಳುತ್ತವೆ. ಹಾಗಾಗಿ ಒಂದು ರಾತ್ರಿ ಏನೂ ನುಂಗದೆ ಬರಲು ಹೇಳಿದೆ. ಅವನು ಆಕಳಿಸುತ್ತ, ಮೂಗೊರೆಸುತ್ತ, ತೋಳಿನ ರೋಮ ನೆಟ್ಟಗೆ ನಿಂತು ಬಂದ. ಮೊದಲ ಡೋಸು ಕೊಟ್ಟೆವು. ಎಲೆಅಡಿಕೆ, ಹೊಗೆಸೊಪ್ಪು ಬಾಯಿಯಲ್ಲಿದ್ದರೆ ಮೈ ಮದ್ದನ್ನು ಸರಿಯಾಗಿ ಹೀರಿಕೊಳ್ಳುವುದಿಲ್ಲ. ಅದಕ್ಕೇ ಒಳಗೆ ಬರುವ ಮುಂಚೆ ಕವಳ ಉಗುಳಿ ಬಾಯಿ ಮುಕ್ಕಳಿಸಬೇಕೆಂಬ ನಿಯಮ ಮಾಡಿ, ಬೇಲಿಯ ಹತ್ತಿರ ನಲ್ಲಿಯನ್ನೂ ಉಗುಳುವ ಜಾಗವನ್ನೂ ನಾನೇ ತೋರಿಸಿದ್ದೆ. ಕಳಸದಲ್ಲಿ ಇಂಥ ಶಿಸ್ತು ಇರಲಾರದು ಎಂದು ಒಳಗೊಳಗೇ ಖುಷಿಪಟ್ಟಿದ್ದೆ.

ಆದರೆ ಮರಗಸಿಯವನು ಸುಧಾರಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಮತ್ತೆ ಆಕಳಿಕೆ, ಸಂಜೆಗೆ ಕಾಲು ಸೆಳೆತ. ಮೂತ್ರ ಪರೀಕ್ಷೆಯಲ್ಲಿ ಟ್ರಮಡಾಲ್ ಸಿಕ್ಕಿತು. ಕೇಳಿದೆ.

"ಹೌದು, ನುಂಗಿದೆ. ನಿಮ್ಮ ಮದ್ದು ಹಿಡೀಲಿಲ್ಲ, ಇನ್ನೆಂತ ಮಾಡೋದು?" ಎಂದ. ಅವನ ಮಾತಿನಲ್ಲಿ ಜಗಳವಿರಲಿಲ್ಲ, ಸುಸ್ತಿತ್ತು.

ನಿಯಮ ಒಪ್ಪುವ ಮಿತಿಯೊಳಗೆ ಡೋಸು ಏರಿಸಿದೆ. ಸ್ವಲ್ಪ ಮೇಲೆನ್ನಿಸಿತು, ಮತ್ತೆ ಅದೇ ಕಥೆ. ಇನ್ನೊಮ್ಮೆ ಏರಿಸಿದೆ. ನೋವಿಗೆಂದು ನರದ ಮಾತ್ರೆ, ಸೊಂಟದ ವ್ಯಾಯಾಮ ಎಲ್ಲ ಸೇರಿಸಿದೆ. ಅವನ ಮೆಟ್ಟಿಲು ಮಾತ್ರ 'ಚಿಗುರು ತೆಗೆಯಬಹುದು' ಎಂಬಲ್ಲಿಂದ ಮೇಲೇಳಲಿಲ್ಲ. ಅವನೊಬ್ಬನೇ ಅಲ್ಲ, ನನ್ನ ಬಹುತೇಕ ರೋಗಿಗಳದ್ದೂ ಹೀಗೆಯೇ. ಮೊದಮೊದಲು ಅವರು ಸುಳ್ಳು ಹೇಳುತ್ತಿದ್ದಾರೆ ಅಂದುಕೊಂಡೆ. ಆಮೇಲೆ ಮದ್ದಿನ ಸರಕೇ ಸರಿಯಿಲ್ಲವೇನೋ ಎಂದು ಕಳಸದಿಂದ ತರಿಸಿ ಕೊಟ್ಟು ನೋಡಿದೆ. ಅಲ್ಲಿ ಕೆಲಸ ಮಾಡಿದ ಅದೇ ಮದ್ದು ಇಲ್ಲಿ ಮಾಡಲಿಲ್ಲ.

ಚಿಕ್ಕಮಗಳೂರಿನ ತಿಂಗಳ ಸಭೆಯಲ್ಲಿ ಚಿಕಿತ್ಸೆಯಲ್ಲಿ ನಿಂತವರ ಲೆಕ್ಕ ಗೋಡೆಯ ಮೇಲೆ ಎರಡು ಗೆರೆಯಾಗಿ ಮೂಡಿತು. ಅವನದ್ದು ಸಮತಟ್ಟಾಗಿ ಮೇಲೆಯೇ ನಿಂತಿತ್ತು, ನನ್ನದು ಚಾರ್ಮಾಡಿ ಘಾಟಿ ಇಳಿದಂತೆ ಇಳಿದಿತ್ತು. ಮುಖ್ಯಸ್ಥರು ವಯಸ್ಸಾದವರು, ಮೆತ್ತಗಿನ ಮಾತು. ಗುಟ್ಟೇನು ಎಂದು ಅವನನ್ನು ಕೇಳಿದರು.

"ಏನಿಲ್ಲ ಸರ್. ಜೊತೆಗೆ ಕೂರ್ತೀನಿ, ಮಾತಾಡ್ತೀನಿ. ಅವ್ರಿಗೆ ಬೇಕಾಗಿರೋದು ಅರ್ಧ ಮದ್ದು, ಅರ್ಧ ಪ್ರೀತಿ," ಎಂದ.

ಎಲ್ಲರೂ ತಲೆಯಾಡಿಸಿದರು. ಮುಖ್ಯಸ್ಥರು ನನ್ನ ಕಡೆ ತಿರುಗಿ, "ನೀವು ಒಂದ್ಸಲ ಕಳಸಕ್ಕೆ ಹೋಗಿ ನೋಡ್ಕೊಂಡು ಬನ್ನಿ ಅಮ್ಮ. ಕಲಿಯೋಕೆ ಸಣ್ಣವರು ದೊಡ್ಡವರು ಅಂತಿಲ್ಲ," ಎಂದರು. ಊಟಕ್ಕೆ ಅಂದು ಹೋಳಿಗೆ ಇತ್ತು. ನನಗೆ ಇಳಿಯಲಿಲ್ಲ.

ಹೋದೆ. ಕಲಿಯಲಿಕ್ಕಲ್ಲ, ತಪ್ಪು ಹಿಡಿಯಲಿಕ್ಕೆ. ಅವನು ಅಂಕಿಗಳನ್ನು ತಿದ್ದುತ್ತಿರಬಹುದು ಎಂಬ ಆಸೆಯೂ ಇತ್ತು. ಆಸೆ ಎಂಬ ಪದವನ್ನು ಬೇಕೆಂದೇ ಬರೆಯುತ್ತಿದ್ದೇನೆ.

ಕಳಸದ ಕೇಂದ್ರ ಒಂದು ಅಂಗಡಿಯ ಮಹಡಿಯ ಮೇಲಿತ್ತು. ಗೋಡೆಗುಂಟ ಬೆಂಚು. ಸಂಸೆ, ಹೊರನಾಡಿನ ಕಡೆಯಿಂದ ಬಂದವರು ಸಾಲಾಗಿ ಕೂತಿದ್ದರು. ನರ್ಸು ಪುಡಿ ಹಾಕುತ್ತ ಹೋದ ಹಾಗೆ ಒಬ್ಬೊಬ್ಬರೂ ಬಾಯಿ ಮುಚ್ಚಿದರು. ಅವನು ಸ್ಟೂಲಿನ ಮೇಲೆ ಕೂತು ಪೇಪರ್ ಬಿಡಿಸಿದ. ಕಾಫಿ ರೇಟು ಓದಿದ. ಅಡಿಕೆ ರೇಟು ಓದಿದ. ಯಾರೋ ಮಂತ್ರಿಯ ಭಾಷಣವನ್ನು ಆ ಮಂತ್ರಿಯ ಧ್ವನಿಯಲ್ಲೇ ಓದಿದ. ಮೂಕರಾಗಿ ಕೂತವರ ಹೆಗಲು ನಗುವಿಗೆ ಕುಲುಕುತ್ತಿತ್ತು. ನಡುವೆ ಒಬ್ಬ ಮುದುಕರು ಏಳಲು ನೋಡಿದರು.

"ಎಲ್ಲಿಗೆ ಹೊರಟ್ರಿ ಮಾರಾಯ್ರೆ? ಮಂತ್ರಿಗಳಿನ್ನೂ ವೇದಿಕೆಯಿಂದ ಕೆಳಗಿಳಿದಿಲ್ಲ," ಎಂದು ಕೂರಿಸಿದ. ಅವನು ಓದಿ ಮುಗಿಸುವಾಗ ಕಾಲು ಗಂಟೆಯ ಮೇಲಾಗಿತ್ತು.

ನನಗೆ ಒಂದು ತಪ್ಪು ಸಿಕ್ಕಿತು, ಖುಷಿಯಾಯಿತು. ಪುಡಿ ಕರಗಿದ ಮೇಲೆ ಕಳಿಸಬೇಕೆಂದು ನಿಯಮ. ಇವನು ಪೇಪರ್ ಮುಗಿಯುವವರೆಗೆ ಕೂರಿಸುತ್ತಾನೆ. ಅಂದರೆ ರೋಗಿಗಳಿಗೆ ಮದ್ದಿನ ಜೊತೆ ನಾಟಕವನ್ನೂ ಕೊಡುತ್ತಾನೆ. ಇದು ಹೋಲಿಕೆಯೇ ಅಲ್ಲ. ಮುಂದಿನ ಸಭೆಯಲ್ಲಿ ಹೇಳಲು ವಾಕ್ಯಗಳನ್ನು ಬಸ್ಸಿನಲ್ಲೇ ಜೋಡಿಸಿಕೊಂಡು ಬಂದೆ. ಮೂಡಿಗೆರೆಯಲ್ಲಿ ಯಾರೋ ರೋಗಿ ಕಳಸದ ಸುದ್ದಿ ಎತ್ತಿದಾಗ, "ಅಲ್ಲಿ ಪೇಪರ್ ಓದ್ತಾರೆ. ಇಲ್ಲಿ ಚಿಕಿತ್ಸೆ ಕೊಡ್ತೀವಿ," ಎಂದು ಎಲ್ಲರ ಎದುರಿಗೇ ಅಂದೆ. ಕುಣಿಯಲಾರದವಳು ನೆಲ ಡೊಂಕು ಅಂದಳು ಎಂಬುದನ್ನು ನರ್ಸಮ್ಮ ಬಾಯಿಬಿಟ್ಟು ಹೇಳಲಿಲ್ಲ, ಮುಖದಲ್ಲಿ ಹೇಳಿದರು.

ಒಂದು ಮಳೆ ಬಿತ್ತು. ಕಾಫಿ ಹೂವಾಗಿ ಊರೆಲ್ಲ ಘಮ್ಮೆಂದಿತು. ಅದರ ಬೆನ್ನಿಗೇ ಮರಗಸಿಯವನು ಬಂದು, ಕಾಲಬೆರಳಿನಿಂದ ನೆಲ ಕೆರೆಯುತ್ತ, ಕಳಸಕ್ಕೆ ವರ್ಗ ಮಾಡಿಕೊಡಿ ಎಂದ.

"ಎಂತಕ್ಕೆ? ನಿಮ್ಮ ಮನೆಯಿಂದ ಎರಡೂ ಅಷ್ಟೇ ದೂರ ಅಲ್ವಾ?" ಎಂದೆ.

"ದೂರಕ್ಕಲ್ಲ ಡಾಕ್ಟ್ರಮ್ಮ. ನಾಳೆಯಿಂದ ಆ ಕಡೆ ತೋಟದಲ್ಲಿ ಮರಗಸಿ ಶುರು. ಬೆಳಿಗ್ಗೆ ಅಲ್ಲೇ ಮದ್ದು ಹಾಕಿಸ್ಕೊಂಡು ಮರಕ್ಕೆ ಹೋಗ್ಬಹುದು." ಸ್ವಲ್ಪ ತಡೆದು, "ಮತ್ತೆ ಅಲ್ಲಿ ಹೋದೋರಿಗೆ ಹಿಡೀತದಂತೆ," ಎಂದ.

ಆ ಕೊನೆಯ ಮಾತು ನನ್ನೊಳಗೆ ಎಲ್ಲಿ ತಾಗಬೇಕೋ ಅಲ್ಲಿ ತಾಗಿತು. ಏರಿಸಿದ ಡೋಸನ್ನು ಕಾಣಿಸಿ ವರ್ಗದ ಚೀಟಿ ಬರೆದುಕೊಟ್ಟೆ. ನರ್ಸಮ್ಮ ಅವನಿಗೆ ಆ ದಿನದ ಮದ್ದು ಹಾಕಿದರು. ಹೊರಗೆ ಕಳಸದ ಬಸ್ಸು ಬಂದು ನಿಂತಿತು. ನಾನು ಕಿಟಕಿಗೆ ಹೋಗಿ ನಿಂತೆ. ಬೇರೇನೂ ಉದ್ದೇಶವಿಲ್ಲ. ಇವತ್ತು ಯಾರು ಯಾರು ಆ ಬಸ್ಸು ಹತ್ತುತ್ತಾರೆ ಎಂದು ನೋಡಬೇಕಿತ್ತು.

ಮರಗಸಿಯವನು ನಾಲಿಗೆ ಎತ್ತಿ ತೋರಿಸಿ ಹೊರಗೆ ಹೋದ. ನೇರ ಬಸ್ಸಿಗೆ ಹೋಗಲಿಲ್ಲ. ಬೇಲಿಯ ಹತ್ತಿರ, ನಾನು ತೋರಿಸಿದ್ದ ಜಾಗಕ್ಕೆ ಹೋಗಿ, ಬಗ್ಗಿ, ಬಾಯಿ ತುಂಬ ಇದ್ದುದನ್ನು ಉಗುಳಿದ. ಆಮೇಲೆ ಬಸ್ಸು ಹತ್ತಿದ. ಅವನ ಹಿಂದೆ ಬಂದ ಹೆಂಗಸೂ ಹಾಗೆಯೇ ಉಗುಳಿದಳು. ಅವಳ ಹಿಂದಿನವನೂ.

ನನಗೆ ಒಂದು ಕ್ಷಣ ಏನೂ ಹೊಳೆಯಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಹೊಳೆಯಿತು. ಇವರೆಲ್ಲ ಎಳೆಯ ವಯಸ್ಸಿನಿಂದ ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವವರು. ಹೊಗೆಸೊಪ್ಪಿನ ರಸ ನುಂಗಿದರೆ ತಲೆ ತಿರುಗುತ್ತದೆ. ಬಾಯಿಯಲ್ಲಿ ಏನಾದರೂ ಕಹಿ ಕರಗಿ ಎಂಜಲು ತುಂಬಿದರೆ ಅದನ್ನು ಉಗುಳಬೇಕು ಎಂಬುದು ಅವರಿಗೆ ಉಸಿರಾಟದಷ್ಟು ಸಹಜ. ಮದ್ದು ಕಹಿ. ಪುಡಿ ಬೇಗ ಕರಗಿ ಎಂಜಲಿನಲ್ಲಿ ಬೆರೆಯುತ್ತದೆ, ನರ್ಸಮ್ಮನ ಕಣ್ಣಿಗೆ ಕಾಣುವುದಿಲ್ಲ. ಆದರೆ ಕರಗಿದ್ದು ಚರ್ಮದೊಳಗೆ ಇಳಿಯಲು ಇನ್ನೂ ಹೊತ್ತು ಬೇಕು. ಅಷ್ಟರಲ್ಲಿ ನಾವು ಕಳಿಸುತ್ತಿದ್ದೆವು. ಅವರು ಡಾಕ್ಟರ ಮುಂದೆ ಉಗುಳಬಾರದೆಂಬ ಮರ್ಯಾದೆಗೆ ಬಾಯಿ ಬಿಗಿಹಿಡಿದು ಹೊರಗೆ ಹೋಗಿ, ಅರ್ಧಕ್ಕಿಂತ ಹೆಚ್ಚು ಮದ್ದನ್ನು ಬೇಲಿಗೆ ಕೊಟ್ಟು ಹೋಗುತ್ತಿದ್ದರು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುತ್ತಾರೆ. ನಮ್ಮಲ್ಲಿ ಅದು ಬಾಯಿಗೆ ಬಂದೂ ಮೈಗೆ ಸೇರಿರಲಿಲ್ಲ.

ಕಳಸದಲ್ಲಿ ಮಂತ್ರಿಗಳು ಕೆಳಗಿಳಿಯುವವರೆಗೆ ಯಾರೂ ಏಳುವ ಹಾಗಿರಲಿಲ್ಲ. ಪ್ರೀತಿಯಲ್ಲ, ಕಾಲು ಗಂಟೆ!

ನನ್ನ ಮೊದಲ ಭಾವನೆ ಸಂತೋಷ. ಶುದ್ಧ, ಕೆಟ್ಟ ಸಂತೋಷ. ಅವನ ಗುಟ್ಟು ಅವನಿಗೇ ಗೊತ್ತಿಲ್ಲ, ನನಗೆ ಗೊತ್ತು. ನನ್ನ ಕೇಂದ್ರದಲ್ಲಿ ಸುಮ್ಮನೆ ಇದನ್ನು ಸರಿಮಾಡಿ, ಗೆರೆ ಮೇಲೇರಿದ ಮೇಲೆ, ಸಭೆಯಲ್ಲಿ ಎದ್ದು ನಿಂತು ಹೇಳಬಹುದು. ಅವನ ಮುಖ ಹೇಗಾಗುತ್ತದೆ ಎಂದು ಕಲ್ಪಿಸಿಕೊಂಡೆ. ಆ ಕಲ್ಪನೆ ಮುಗಿಯುವ ಮೊದಲೇ ಚೀಟಿ ನೆನಪಾಯಿತು. ಮರಗಸಿಯವನ ಜೇಬಿನಲ್ಲಿ ನಾನು ಬರೆದ ಚೀಟಿ ಇತ್ತು. ಅದರಲ್ಲಿದ್ದದ್ದು ಏರಿಸಿದ ಡೋಸು, ಅರ್ಧ ಉಗುಳುತ್ತಾನೆಂದು ಗೊತ್ತಿಲ್ಲದೆ ಏರಿಸಿದ್ದು. ಹಿಂದೆ ಕಳಸಕ್ಕೆ ಹೋದವರೆಲ್ಲ ನಾನು ಡೋಸು ಏರಿಸುವ ಮೊದಲೇ ಬಿಟ್ಟು ಹೋಗಿದ್ದರು. ನಾಳೆ ಕಳಸದಲ್ಲಿ ಅವನು ಅಷ್ಟನ್ನೂ ಬಾಯಿಯಲ್ಲಿಟ್ಟುಕೊಂಡು ಕಾಲು ಗಂಟೆ ಪೇಪರ್ ಕೇಳುತ್ತಾನೆ. ಅವನ ಮೈಗೆ ಹಿಂದೆಂದೂ ಸೇರದಷ್ಟು ಮದ್ದು ಒಮ್ಮೆಗೇ ಸೇರುತ್ತದೆ. ನರದ ಮಾತ್ರೆಯೂ ಜೊತೆಗಿದೆ, ಅದೂ ನಿದ್ದೆ ತರಿಸುವಂಥದ್ದೇ. ಅಲ್ಲಿಂದ ನೇರ ಸಿಲ್ವರ್ ಓಕ್ ಹತ್ತುತ್ತಾನೆ.

ಓಡಿದೆ. ಬಸ್ಸಿನೊಳಗೆ ಹತ್ತಿ ಅವನ ಸೀಟಿನ ಹತ್ತಿರ ಹೋಗಿ ನಿಂತೆ.

"ಸ್ವಲ್ಪ ಇಳೀರಿ. ಮಾತಾಡ್ಬೇಕು."

"ಬಸ್ ಹೊರಡ್ತದೆ ಡಾಕ್ಟ್ರಮ್ಮ."

"ಈಗ ಬೇಲಿ ಹತ್ರ ಉಗುಳಿದ್ರಲ್ಲ, ದಿನಾ ಹಾಗೇ ಉಗುಳ್ತೀರಾ?"

ಅಕ್ಕಪಕ್ಕದವರು ತಿರುಗಿದರು. ಅವನ ಮುಖ ಕೆಂಪಾಯಿತು. "ಇನ್ನೆಂತ ಮಾಡೋದು? ಆ ಕಹಿ ನುಂಗೋಕಾಗ್ತದಾ? ನೀವೇ ತೋರಿಸಿದ ಜಾಗ ಅಲ್ವಾ ಅದು?"

"ಆ ಎಂಜಲಲ್ಲೇ ಮದ್ದು ಇರೋದು! ನಾಳೆ ಚೀಟಿಲಿರೋ ಡೋಸು ತಗೋಬೇಡಿ. ಜಾಸ್ತಿ ಆಗುತ್ತೆ."

ಅವನು ನನ್ನನ್ನು ನೋಡಿದ. ಕೋಪದಿಂದಲ್ಲ, ಒಂದು ತರಹದ ಕನಿಕರದಿಂದ. "ಇಷ್ಟು ದಿನ ಕಮ್ಮಿ ಆಯ್ತು ಅಂತ ನೀವೇ ಏರಿಸಿದ್ರಿ. ಕಳ್ಸಕ್ಕೆ ಹೊರಟ ಕೂಡ್ಲೆ ಜಾಸ್ತಿ ಆಯ್ತಾ? ನಿಮಗೆ ಬೇಜಾರಾಗಿದೆ, ಗೊತ್ತು. ನಿಮ್ಮ ಮೇಲೆ ನಂಗೇನೂ ಇಲ್ಲ."

"ಬೇಜಾರಾಗಿರೋದು ಹೌದು. ಅದು ಬೇರೆ ವಿಷಯ. ಇದು ನಿಮ್ಮ ಜೀವದ ವಿಷಯ."

"ಹಾಗಾದ್ರೆ ಕಳ್ಸದ ಡಾಕ್ಟ್ರು ಹೇಳ್ಲಿ. ಅವ್ರು ಹೇಳಿದ್ರೆ ಕೇಳ್ತೀನಿ."

"ಮೇಡಂ, ಬರೋದಾದ್ರೆ ಕೂತ್ಕೊಳಿ, ಇಲ್ದಿದ್ರೆ ಇಳೀರಿ," ಎಂದ ಕಂಡಕ್ಟರು. ಹಿಂದಿನ ಸೀಟಿನಲ್ಲಿ ಯಾರೋ ಕಿಸಕ್ಕೆಂದರು. ಇಳಿದೆ. ಬಸ್ಸು ಹೋಯಿತು.

ರಸ್ತೆ ಬದಿಯಲ್ಲೇ ನಿಂತು ಫೋನ್ ತೆಗೆದೆ. ಸಹಪಾಠಿಯ ಹೆಸರು ತೆರೆಯ ಮೇಲಿತ್ತು, ಬೆರಳು ಇಳಿಯಲಿಲ್ಲ. ನನ್ನ ಮಾತನ್ನು ನನ್ನ ರೋಗಿ ನಂಬಲಿಲ್ಲ, ಅವನದ್ದಾದರೆ ನಂಬುತ್ತಾನೆ. ಅಂದರೆ ನಾನು ಕಂಡುಹಿಡಿದದ್ದನ್ನು ಮೊದಲು ಅವನಿಗೇ ಹೇಳಬೇಕು, ಅವನ ಬಾಯಿಂದಲೇ ಅದು ಹೊರಡಬೇಕು. ಇಷ್ಟು ವರ್ಷದಲ್ಲಿ ಅವನಿಗೆ ಗೊತ್ತಿಲ್ಲದ ಒಂದು ವಿಷಯ ನನಗೆ ಗೊತ್ತಾಗಿತ್ತು, ಅದು ನನ್ನ ಕೈಯಲ್ಲಿ ಒಂದು ಲೋಟ ಕಾಫಿ ಕುಡಿಯುವಷ್ಟು ಹೊತ್ತೂ ಉಳಿಯಲಿಲ್ಲ. ಕಣ್ಣಲ್ಲಿ ನೀರು ಬಂತು. ಮರಗಸಿಯವನ ಮೇಲಿನ ಕರುಣೆಗೆ ಬಂದದ್ದಲ್ಲ, ಹೊಟ್ಟೆಕಿಚ್ಚಿಗೇ ಬಂದದ್ದು. ಆಮೇಲೆ ಅವನ ಹೆಂಡತಿ ಹೇಳಿದ 'ಇನ್ನೊಂದ್ಸಲ ಆಗೂದಿಲ್ಲ' ನೆನಪಾಯಿತು. ಒತ್ತಿದೆ.

ಎಲ್ಲ ಹೇಳಿದೆ.

"ಉಗುಳ್ತಾರಾ?" ಎಂದ.

"ಉಗುಳ್ತಾರೆ. ನಿನ್ನಲ್ಲಿ ಉಗುಳೋಕೆ ನೀನು ಬಿಡೋದಿಲ್ಲ ಅಷ್ಟೇ."

"ಅಯ್ಯೋ ಮಾರಾಯ್ತಿ, ನಾನು ಪ್ರೀತಿ ಅಂದ್ಕೊಂಡಿದ್ನಲ್ಲ!" ಎಂದು ಜೋರಾಗಿ ನಕ್ಕ. ಅವನಿಗೆ ಒಂಚೂರಾದರೂ ನೋವಾಗಲಿ ಎಂದು ಕಾದಿದ್ದೆ. ಆಗಲಿಲ್ಲ. ನಗು ನಿಲ್ಲಿಸಿ ಡಾಕ್ಟರಾದ. "ಡೋಸು ಎಲ್ಲಿಂದ ಶುರು ಮಾಡ್ಲಿ?"

"ಮೊದಲ ದಿನದ್ದು. ನರದ ಮಾತ್ರೆ ರಾತ್ರಿಗೆ ಮಾತ್ರ. ಕೊಟ್ಟ ಮೇಲೆ ಬೆಳಗ್ಗೆಯಿಡೀ ಅಲ್ಲೇ ಕೂರಿಸ್ಕೋ, ಕಣ್ಣು ಎಳೀತದಾ ನೋಡು. ಸಾಲದಿದ್ರೆ ಮಾರನೆ ದಿನ ಸ್ವಲ್ಪ ಏರಿಸು. ಒಂದು ವಾರ ಮರ ಹತ್ತೋದು ಬೇಡ ಅಂತ ನೀನೇ ಹೇಳು. ನಾನು ಹೇಳಿದ್ದು ಅಂತ ಹೇಳ್ಬೇಡ, ಕೇಳೋದಿಲ್ಲ."

ಮಾರನೆಯ ದಿನ ಮಧ್ಯಾಹ್ನದವರೆಗೆ ನನಗೆ ಕೆಲಸ ಓಡಲಿಲ್ಲ. ಊಟದ ಹೊತ್ತಿಗೆ ಫೋನ್ ಬಂತು. ಮೊದಲ ದಿನದ ಡೋಸಿಗೇ ಮರಗಸಿಯವನು ಬೆಂಚಿನ ಮೇಲೆ ಗೋಡೆಗೊರಗಿ ಗಡದ್ದಾಗಿ ನಿದ್ದೆ ಹೊಡೆದಿದ್ದ. ಎದ್ದ ಮೇಲೆ ಕಾಲು ಸೆಳೆತವಿಲ್ಲ, ಆಕಳಿಕೆಯಿಲ್ಲ, ಹಸಿವು ಎಂದನಂತೆ. ಏರಿಸಿದ ಡೋಸನ್ನೇ ಕೊಟ್ಟಿದ್ದರೆ ಏನಾಗುತ್ತಿತ್ತೆಂದು ಇಬ್ಬರೂ ಬಾಯಿಬಿಟ್ಟು ಹೇಳಲಿಲ್ಲ. ನನ್ನ ಸಹಪಾಠಿ ಮೇಸ್ತ್ರಿಯನ್ನು ಕರೆಸಿ ಮಾತಾಡಿ, ಒಂದು ವಾರ ಮರಗಸಿಯವನಿಗೆ ಕೆಳಗೆ ನಿಂತು ಹಗ್ಗ ಹಿಡಿಯುವ ಕೆಲಸ ಕೊಡಿಸಿದ್ದ. ಮೇಸ್ತ್ರಿಯೂ ಅವನ ಮಾತು ಕೇಳಿದ. ಕೇಳದೆ ಇರುತ್ತಾನೆಯೇ?

ನನ್ನ ಕೇಂದ್ರದಲ್ಲಿ ಅಂದಿನಿಂದಲೇ ಬದಲಾಯಿಸಿದೆವು. ಎಲ್ಲರನ್ನೂ ಕೆಳಗಿನ ಡೋಸಿಗೆ ಇಳಿಸಿ, ಪುಡಿ ಹಾಕಿದ ಮೇಲೆ ಕಾಲು ಗಂಟೆ ಒಳಗೇ ಕೂರಿಸಿ, ಆಮೇಲೆ ಬೇಕಾದರೆ ಉಗುಳಿ ಎಂದೆವು. ಸಂಜೆಯ ಆಕಳಿಕೆ ನಿಂತಿತು. ಮೂತ್ರದಲ್ಲಿ ಟ್ರಮಡಾಲ್ ಸಿಗುವುದು ಕಡಿಮೆಯಾಯಿತು. ಗೆರೆ ನಿಧಾನಕ್ಕೆ ಏರತೊಡಗಿತು.

ಸಭೆಯಲ್ಲಿ ನಾನು ಏಳುವ ಮೊದಲೇ ಅವನು ಎದ್ದ. "ಸರ್, ಒಂದು ವಿಷಯ. ಕಳಸದ ಫಲಿತಾಂಶಕ್ಕೆ ನನ್ನ ಮಾತು ಕಾರಣ ಅಲ್ಲ. ಕಾರಣ ಕಂಡುಹಿಡಿದದ್ದು ಇವಳು. ನಾನು ಪೂರ್ತಿ ತಪ್ಪು ತಿಳ್ಕೊಂಡಿದ್ದೆ," ಎಂದು, ಬೇಲಿ, ಎಂಜಲು, ಮಂತ್ರಿ ಎಲ್ಲವನ್ನೂ ನನಗಿಂತ ಹತ್ತು ಪಾಲು ಚೆನ್ನಾಗಿ ಹೇಳಿ ಎಲ್ಲರನ್ನೂ ನಗಿಸಿದ. ಒಂದು ಮಾತಿನಲ್ಲೂ ನನ್ನ ಪಾಲು ಕದಿಯಲಿಲ್ಲ. ಸಭೆ ಮುಗಿದ ಮೇಲೆ ಮುಖ್ಯಸ್ಥರು ನನ್ನ ಹತ್ತಿರ ಬಂದರು. ಶಹಬ್ಬಾಸ್ ಎನ್ನುತ್ತಾರೆಂದು ನಾನು ಮುಖ ಸಿದ್ಧಮಾಡಿಕೊಂಡೆ.

"ಎಂಥ ದೊಡ್ಡ ಮನಸ್ಸು ನೋಡಿ ಅಮ್ಮ ಅವರದ್ದು," ಎಂದರು.

ಉರಿಯುವ ಬೆಂಕಿಗೆ ತುಪ್ಪ ಸುರಿಯುವುದು ಎಂದರೆ ಇದು.

ಮೂಡಿಗೆರೆಯಲ್ಲಿ ಹೊಸ ತೊಂದರೆ ಶುರುವಾಯಿತು. ಕಾಲು ಗಂಟೆ ಬಾಯಿ ಮುಚ್ಚಿ ಗೋಡೆ ನೋಡುತ್ತ ಕೂರುವುದು ಜನಕ್ಕೆ ಆಗುವುದಿಲ್ಲ. ಒಬ್ಬ ಏಳುತ್ತಾನೆ, ಒಬ್ಬ ಫೋನಿಗೆ ಉತ್ತರ ಕೊಡಲು ಬಾಯಿ ತೆರೆಯುತ್ತಾನೆ. ಗಡಿಯಾರ ತೋರಿಸಿ ಗದರಿಸಿದೆ. ಟಿ.ವಿ. ಹಾಕಿದೆವು, ಯಾವ ಚಾನೆಲ್ ಎಂದು ಬಾಯಿಯಲ್ಲಿ ಮದ್ದಿಟ್ಟುಕೊಂಡೇ ಜಗಳವಾಡಿದರು. ನರ್ಸಮ್ಮ ಒಂದು ಬೆಳಿಗ್ಗೆ ಏನೂ ಹೇಳದೆ ನನ್ನ ಮೇಜಿನ ಮೇಲೆ ಪೇಪರ್ ತಂದಿಟ್ಟರು. ಮೂರು ದಿನ ಅದನ್ನು ಮುಟ್ಟಲಿಲ್ಲ. ನಾಲ್ಕನೆಯ ದಿನ ಬಾಗಿಲು ಹಾಕಿಸಿ, ಸ್ಟೂಲು ಎಳೆದುಕೊಂಡು ಓದತೊಡಗಿದೆ. ನನಗೆ ಮಂತ್ರಿಯ ಧ್ವನಿ ಬರುವುದಿಲ್ಲ. ಔಷಧಿ ಪೊಟ್ಟಣದ ಸೂಚನೆ ಓದಿದ ಹಾಗೆ ಕಾಫಿ ರೇಟು ಓದಿದೆ. ಯಾರ ಹೆಗಲೂ ಕುಲುಕಲಿಲ್ಲ. ಆದರೆ ಯಾರೂ ಏಳಲಿಲ್ಲ.

ಮುಂಗಾರಿಗೆ ಮೊದಲು ಮೇಸ್ತ್ರಿಯ ತಂಡಕ್ಕೆ ಮೂಡಿಗೆರೆಯ ಪಕ್ಕದ ತೋಟ ಸಿಕ್ಕಿತು. ಮರಗಸಿಯವನು ನನ್ನ ಕೇಂದ್ರಕ್ಕೆ ವಾಪಸ್ಸು ಬಂದ. ಕಳಸದ ಡಾಕ್ಟರು ಸ್ವಲ್ಪಸ್ವಲ್ಪವಾಗಿ ಏರಿಸಿ ನಿಲ್ಲಿಸಿದ್ದ ಡೋಸು, ಬಸ್ಸಿನ ದಿನ ಚೀಟಿಯಲ್ಲಿದ್ದುದಕ್ಕಿಂತ ಎಷ್ಟೋ ಕಡಿಮೆ. ಅವನು ಬಸ್ಸಿನ ವಿಷಯ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ನನ್ನ ಸಹಪಾಠಿಯ ಆ ಹಾಳು ಪ್ರಶ್ನೆಯನ್ನು ಕೇಳಿದೆ. ಇವತ್ತಿನ ಸೊಂಟದಲ್ಲಿ ಏನು ಮಾಡಬಹುದು?

"ಮರ ಹತ್ಬಹುದು," ಎಂದ. ಕೈ ಚಾಚಿಸಿ ನೋಡಿದೆ. ನಡುಗಲಿಲ್ಲ.

ಅವನು ಬಾಯಿ ಮುಚ್ಚಿ ಬೆಂಚಿನ ತುದಿಯಲ್ಲಿ ಕೂತ. ನಾನು ಪೇಪರ್ ಬಿಡಿಸಿದೆ. ನೆಗಡಿಯಾಗಿ ನನ್ನ ಗಂಟಲು ಕಟ್ಟಿತ್ತು. ಪಾರ್ಚ್‌ಮೆಂಟ್ ರೇಟು, ಚೆರ್ರಿ ರೇಟು ಎಂದು ಕಾಫಿಯದ್ದೆಲ್ಲ ಮುಗಿಸಿ, ಕಾಳುಮೆಣಸಿನ ಹತ್ತಿರ ಬರುವಾಗ ಧ್ವನಿಯೇ ಹೊರಡಲಿಲ್ಲ. ಕಳಸದಲ್ಲಿ ಕೇಳಿ ಬಂದವನ ಮುಂದೆ ಇದೆಂಥ ಓದು ಎಂದು ನಾಚಿಕೆಯಾಗಿ ಪೇಪರ್ ಮಡಚಿಟ್ಟೆ. ಮರಗಸಿಯವನು ಬಾಯಿ ಬಿಗಿಹಿಡಿದೇ ಕೈ ಎತ್ತಿದ. ನೀರಿನ ಲೋಟವನ್ನು ನನ್ನ ಕಡೆ ಸರಿಸಿ, ಪೇಪರಿಗೆ ಬೆರಳು ತೋರಿಸಿ, ಮುಂದೆ ಓದಿ ಎಂದು ಕೈಯಾಡಿಸಿದ. ಪಕ್ಕದಲ್ಲಿದ್ದವರೆಲ್ಲ ತಲೆಯಾಡಿಸಿದರು.

ನೀರು ಕುಡಿದು ಓದಿದೆ. ಕಾಳುಮೆಣಸು, ಏಲಕ್ಕಿ, ಮಳೆ ಸುದ್ದಿ, ಎಲ್ಲ.

ಅಂದು ಸಂಜೆ ಕಳಸದಿಂದ ಫೋನ್ ಬಂತು. "ನಿನ್ನ ಗೆರೆ ನನ್ನದನ್ನ ದಾಟ್ತಾ ಇದೆಯಲ್ಲ ಮಾರಾಯ್ತಿ. ಅಷ್ಟು ಹೊತ್ತು ಹೆಂಗೆ ಕೂರಿಸ್ತೀ ಜನಾನ?" ಎಂದು ಕೇಳಿದ.

"ಗಡಿಯಾರ ತೋರಿಸ್ತೀನಿ," ಎಂದೆ.